ಪ್ರಾಚೀನ ವರಹದ ಬೆಲೆಯನ್ನು ನಿರ್ಣಯಿಸುವ ಕ್ರಮ

ಕನ್ನಡನಾಡಿನ ಹಳೆಯ ಮನೆತನಗಳಲ್ಲಿ ಪೂರ್ವಕಾಲದ ವರಹಗಳು ಕಾಸಿನ ಸರದಲ್ಲಿಯೋ ದೇವರ ಪೆಟ್ಟಿಗೆಯಲ್ಲಿಯೋ ಉಳಿದುಬಂದಿರುವುದುಂಟು. ಅದರ ಬೆಲೆಯೇನೆಂದು ವಿಚಾರಿಸಿದರೆ ಅಕ್ಕಸಾಲಿಗನು ತೂಗಿ, ಒರೆಗೆ ಹಚ್ಚಿ, ಒಂದು ಮೊತ್ತವನ್ನು ಹೇಳುವನು. ಆ ಮೊತ್ತವು ಲೋಹದ ಬೆಲೆಯೇ ಹೊರತು ನಾಣ್ಯದ ಬೆಲೆಯಲ್ಲ. ನಾಣ್ಯವು ಒಮ್ಮೆ ಮೂಸೆಯಲ್ಲಿ ಕರಗಿತೆಂದರೆ ಎರಡನೆಯ ಬೆಲೆಯನ್ನು ತಿಳಿಯುವ ದಾರಿಯೇ ಮುಚ್ಚಿಹೋಗುವುದು. ಆದುದರಿಂದ ಪರೀಕ್ಷೆಯ ಕ್ರಮವನ್ನು ಮೊದಲೇ ಅರಿತಿರುವುದು ಆವಶ್ಯಕ.

ಮೊದಲನೆಯದು ತೂಕ. ವಿಜಯನಗರದ ಕಾಲದಿಂದ ಬಂದ ವರಹದ ತೂಕವು ಸುಮಾರು ೫೨ ಗ್ರೇನ್, ಎಂದರೆ ೩.೪ ಗ್ರಾಂ. ಅರೆವರಹವು ಇದರ ಅರ್ಧ. ಹಣವು ಹತ್ತನೆಯ ಒಂದು ಪಾಲಿಗೆ ಸಮೀಪವಾದುದು. ತೂಕವು ಬಹಳವಾಗಿ ವ್ಯತ್ಯಾಸವಾದರೆ ಸಂಶಯಪಡಬೇಕು. ಆದರೆ ಸರಕ್ಕೆ ಪೋಣಿಸಲು ಕೊಂಡಿಯನ್ನು ಬೆಸೆದಿದ್ದರೆ ತೂಕವು ಹೆಚ್ಚುವುದೆಂಬುದನ್ನೂ ನೆನೆಯತಕ್ಕದ್ದು.

ಎರಡನೆಯದು ಚೊಕ್ಕತನ. ಒರೆಗಲ್ಲು ಅಂಚನ್ನು ಸವೆಸುವುದರಿಂದ ನೀರಿನಲ್ಲಿ ತೂಗುವ ಕ್ರಮವೇ ಮೇಲು. ೩.೪೦ ಗ್ರಾಂ ತೂಗುವ ನಾಣ್ಯವನ್ನು ಸಣ್ಣ ದಾರದಿಂದ ನೀರಿನಲ್ಲಿ ತೂಗಬಿಟ್ಟಾಗ ೩.೨೦ ಗ್ರಾಂ ಆದರೆ, ಕಡಮೆಯಾದುದು ೦.೨೦ ಗ್ರಾಂ. ಇದರಿಂದ ೩.೪೦ನ್ನು ಭಾಗಿಸಿದರೆ ೧೭ ಬರುವುದು. ಅಪ್ಪಟ ಚಿನ್ನಕ್ಕೆ ಈ ಸಂಖ್ಯೆಯು ೧೯.೩, ಬೆಳ್ಳಿಗೆ ೧೦.೫, ತಾಮ್ರಕ್ಕೆ ಸುಮಾರು ೯. ಆದುದರಿಂದ ಈ ನಾಣ್ಯದಲ್ಲಿ ಬೆರಕೆಯುಂಟೆಂದು ಸಿದ್ಧವಾಗುತ್ತದೆ. ನಾಣ್ಯವು ಚಿಕ್ಕದಾದುದರಿಂದ ತಕ್ಕಡಿಯು ಅತಿಸೂಕ್ಷ್ಮವಾಗಿರಬೇಕು, ಗಾಳಿಗುಳ್ಳೆಗಳು ಅಂಟಿರಬಾರದು.

ಮೂರನೆಯದೂ ಮುಖ್ಯವೂ ಆದುದು ಎರಡು ಮುಖಗಳ ವಾಚನ. ಶಿವಪಾರ್ವತಿಯರು ಕುಳಿತಿರುವ ವರಹವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಿಜಯನಗರದ ಇಮ್ಮಡಿ ಹರಿಹರನ ನಾಣ್ಯಗಳಲ್ಲಿ ಈ ಬಿಂಬವಿದೆ. ಇಕ್ಕೇರಿಯ ವರಹದಲ್ಲಿಯೂ ಇದೇ ಬಿಂಬ. ಹಿಂಬದಿಯಲ್ಲಿ ಮಾತ್ರ ನಾಗರಲಿಪಿಯಲ್ಲಿ ‘ಶ್ರೀ ಸದಾಶಿವ’ ಎಂದಿದೆ. ಹೈದರಾಲಿಯು ೧೭೬೩ರಲ್ಲಿ ಬಿದನೂರನ್ನು ಗೆದ್ದ ಮೇಲೆ ಅಚ್ಚುಹಾಕಿಸಿದ ಬಹಾದ್ದೂರಿ ಹೊನ್ನಿನಲ್ಲಿಯೂ ಶಿವಪಾರ್ವತಿಯರೇ ಇರುವರು. ಹಿಂಬದಿಯಲ್ಲಿ ಅವನ ಹೆಸರಿನ ಮೊದಲ ಪಾರಸಿ ಅಕ್ಷರವೊಂದೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಅದೇ ದಂಪತಿಗಳು, ಹಿಂದೆ ಅವರ ಹೆಸರು. ವರ್ತಕರು ಕೈಯಲ್ಲಿ ಹಿಡಿದು ನಂಬಿದ್ದ ಮುಖವನ್ನು ಬದಲಿಸಲು ರಾಜರು ಹಿಂಜರಿದರೆಂದು ಊಹಿಸುವುದು ಯುಕ್ತ. ರಾಜ್ಯಗಳು ಅಳಿದರೂ ಬಿಂಬವು ಅಳಿಯಲಿಲ್ಲ. ಮುಂಬದಿಯನ್ನು ಮಾತ್ರ ನೋಡಿದವನು ನಾಲ್ಕು ಆಳ್ವಿಕೆಗಳನ್ನು ಒಂದೆಂದು ತಿಳಿದು ಬೆಲೆಯಲ್ಲಿಯೂ ಚರಿತ್ರೆಯಲ್ಲಿಯೂ ಮೋಸಹೋಗುವನು.

ಹೀಗೆ ನಾಣ್ಯವು ಯಾರದೆಂದು ನಿಶ್ಚಯವಾದ ಮೇಲೆ ಅದರ ವಿರಳತೆ, ಅಕ್ಷರಗಳ ಸ್ಫುಟತೆ ಮತ್ತು ಸಾಚಾತನಗಳು ಬೆಲೆಯನ್ನು ಗೊತ್ತುಮಾಡುವುವು. ವಯಸ್ಸೊಂದೇ ಬೆಲೆಯನ್ನು ಏರಿಸದು. ಹೇರಳವಾಗಿ ಉಳಿದಿರುವ ಹಳೆಯ ಹಣಕ್ಕಿಂತ ಅಪೂರ್ವವಾದ ಈಚಿನ ವರಹಕ್ಕೆ ಹೆಚ್ಚು ಬೆಲೆ ಬರಬಹುದು. ಅದೇ ಬಗೆಯ, ಅದೇ ಸ್ಥಿತಿಯ ನಾಣ್ಯಗಳು ಹರಾಜಿನಲ್ಲಿ ಪಡೆದ ಬೆಲೆಯೊಡನೆ ಹೋಲಿಸಿ ನೋಡಬೇಕು. ಕೊಂಡಿಯ ಬೆಸುಗೆ, ತೂತು, ಉಜ್ಜಿ ಬೆಳಗಿದ ಗೀರು ಇವು ಬೆಲೆಯನ್ನು ತಗ್ಗಿಸುವುವು. ಆದುದರಿಂದ ಹುಣಿಸೆಹಣ್ಣಿನಿಂದಾಗಲಿ ಬೂದಿಯಿಂದಾಗಲಿ ತಿಕ್ಕಲಾಗದು. ಎರಕದ ಖೋಟಾ ನಾಣ್ಯಗಳಲ್ಲಿ ಸಣ್ಣ ಕುಳಿಗಳೂ ಅಂಚಿನಲ್ಲಿ ಕೂಡುಗೆರೆಯೂ ಅನೇಕ ವೇಳೆ ಕಾಣಬರುತ್ತವೆ.

ಮನೆತನದಿಂದ ಬಂದ ನಾಣ್ಯಕ್ಕೂ ನೆಲದಲ್ಲಿ ದೊರೆತ ನಾಣ್ಯಕ್ಕೂ ಭೇದವುಂಟು. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು ೧೮೭೮ರ ನಿಧಿ ಕಾನೂನಿನಿಂದ ಬಂದ ನಿಯಮ. ನೂರು ವರ್ಷಗಳನ್ನು ಮೀರಿದ ನಾಣ್ಯವನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವುದನ್ನು ೧೯೭೨ರ ಪ್ರಾಚ್ಯವಸ್ತು ಕಾನೂನು ನಿಷೇಧಿಸಿದೆ.

ಮಾರುವವನಾದರೂ ಮೊದಲು ನಾಣ್ಯದ ತೂಕ, ಅಳತೆ, ಎರಡು ಮುಖಗಳ ಛಾಯಾಚಿತ್ರ, ದೊರೆತ ಊರು ಇವನ್ನು ಬರೆದಿಟ್ಟರೆ ಚಿನ್ನವು ಕೈಬಿಟ್ಟುಹೋದರೂ ಸಾಕ್ಷ್ಯವು ಉಳಿಯುವುದು.