ಕೈಫೋನಿನ ಬ್ಯಾಟರಿಗೂ ಬೇಕು ನೀರಿನ ಲೆಕ್ಕ

ರಾಶಿ ಅಡಿಕೆಯ ಧಾರಣೆ, ಮಳೆಯ ಮುನ್ಸೂಚನೆ, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್, ಕೊನೆ ಕೊಯ್ಯುವವರಿಗೆ ಹಣ ಪಾವತಿ, ಎಲ್ಲವೂ ಈಗ ಕೈಫೋನಿಗೆ ಬಂದು ನಿಂತಿವೆ. 2020ರ ಮುಂಗಾರಿನಿಂದ ರೈತರೇ ಆ್ಯಪಿನಲ್ಲಿ ತಮ್ಮ ಬೆಳೆಯ ಚಿತ್ರ ತೆಗೆದು ಸಮೀಕ್ಷೆಗೆ ಕಳಿಸುವ ಏರ್ಪಾಡೂ ಬಂತು. ತೋಟದ ನಡುವೆ ಫೋನು ಆರಿಹೋದರೆ ಅಂದಿನ ಕೆಲಸ ಕೆಟ್ಟಂತೆಯೇ. ಆದ್ದರಿಂದ ಫೋನಿನೊಳಗೆ ವಿದ್ಯುತ್ತಿನ ಹಂಚಿಕೆ ಹೇಗೆ ನಡೆಯುತ್ತದೆಂಬುದನ್ನು ಬೆಳೆಗಾರರು ತಿಳಿದಿರುವುದು ಒಳಿತು.

ಒಂದೇ ಕೆರೆ, ಮೂರು ಕಾಲುವೆ

ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ ಕೋಡಿ ಹರಿದದ್ದು 2022ರಲ್ಲಿ. ಅಷ್ಟು ಕಾಲ ಕಾದ ನಮ್ಮ ಸೀಮೆಯ ಜನಕ್ಕೆ ಇದ್ದ ನೀರನ್ನು ಹಂಚಿ ಉಣ್ಣುವುದು ಹೊಸ ಮಾತಲ್ಲ. ಬ್ಯಾಟರಿಯೂ ಅಂಥದೇ ಒಂದು ಕೆರೆ. ಕೆಲಸದ ವೇಗ, ಪರದೆಯ ಅಂದ, ದಿನವಿಡೀ ಬಾಳಿಕೆ, ಈ ಮೂರಕ್ಕೂ ಅದೇ ನೀರು. ತೂಬಿನ ಬಳಿ ಕುಳಿತ ನೀರಗಂಟಿಯೇ ಫೋನಿನ ಕಾರ್ಯಾಚರಣೆ ವ್ಯವಸ್ಥೆ. ಆಂಡ್ರಾಯ್ಡ್, ಐಓಎಸ್ ಎಂಬುವು ಅದರ ಎರಡು ಬಗೆಗಳು.

ಸಾಮಾನ್ಯ ಫೋನಿನ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಒಂದು ಚಿತ್ರ ಸಿದ್ಧಪಡಿಸಲು ಸುಮಾರು 16 ಮಿಲಿಸೆಕೆಂಡು ಮಾತ್ರ ಅವಕಾಶ. ತಪ್ಪಿದರೆ ಪರದೆ ತಡವರಿಸುತ್ತದೆ. 2012ರ ಆಂಡ್ರಾಯ್ಡ್ 4.1ರಲ್ಲಿ, ಬೆರಳು ತಾಗಿದೊಡನೆ ಪ್ರೊಸೆಸರಿನ ವೇಗ ಏರಿಸುವ ಉಪಾಯ ಬಂತು. ಈಗ ಹಲವು ಫೋನುಗಳಲ್ಲಿ ಪರದೆ 120 ಸಲ ಹೊಸದಾಗುತ್ತದೆ. ಕಣ್ಣಿಗೆ ನಯ, ಬ್ಯಾಟರಿಗೆ ಭಾರ.

ಬಾಳಿಕೆಯ ಕಡೆಗೆ 2015ರಲ್ಲಿ ಹೆಚ್ಚಿನ ಗಮನ ಹರಿಯಿತು. ಪರದೆ ಆರಿ, ಅಲುಗದೆ ಬಿದ್ದಿರುವ ಫೋನಿನ ಆ್ಯಪ್‌ಗಳನ್ನು ಆಂಡ್ರಾಯ್ಡ್ 6 ಮಲಗಿಸುತ್ತದೆ. ನಡುನಡುವೆ ಎಬ್ಬಿಸಿ ಬಾಕಿ ಕೆಲಸ ಮಾಡಿಸುತ್ತದೆ. ಐಫೋನಿಗೂ ಅದೇ ವರ್ಷ ಲೋ ಪವರ್ ಮೋಡ್ ಬಂತು. 2018ರ ಆಂಡ್ರಾಯ್ಡ್ 9, ಅಪರೂಪಕ್ಕೆ ಬಳಸುವ ಆ್ಯಪಿಗೆ ಪಾಲನ್ನೇ ಕಡಿಮೆ ಮಾಡಿತು.

ನೀರಗಂಟಿಯನ್ನೂ ಲೆಕ್ಕ ಕೇಳಬೇಕು. ಸವೆದ ಬ್ಯಾಟರಿಯ ಐಫೋನುಗಳು ಹಠಾತ್ತನೆ ಆರದಿರಲೆಂದು ಅವುಗಳ ವೇಗ ತಗ್ಗಿಸಿದ್ದನ್ನು ಆಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಬಳಕೆದಾರರಿಗೆ ಸರಿಯಾಗಿ ತಿಳಿಸದೆ ಮಾಡಿದ್ದಕ್ಕೆ ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರ ಇಳಿಸಿತು.

ಬೆಳೆಗಾರರು ಗಮನಿಸಬೇಕಾದ ಅಂಶಗಳು

1. ತ್ರೀ ಫೇಸ್ ಕರೆಂಟು ಬಂದದ್ದನ್ನು ತಿಳಿಸುವ ಸ್ಟಾರ್ಟರ್ ಆ್ಯಪನ್ನೂ ಫೋನು ರಾತ್ರಿ ಮಲಗಿಸಬಹುದು. ಸೂಚನೆ ತಡವಾದರೆ ಅಂದಿನ ನೀರು ತಪ್ಪಿತು. ಬ್ಯಾಟರಿ ಸೆಟ್ಟಿಂಗಿನಲ್ಲಿ ಆ ಒಂದು ಆ್ಯಪಿಗೆ ವಿನಾಯಿತಿ ಕೊಡಿ. ಕರೆಗೂ ಎಸ್ಸೆಮ್ಮೆಸ್ಸಿಗೂ ಈ ನಿದ್ರೆಯ ಅಡ್ಡಿಯಿಲ್ಲ. ಎಲ್ಲ ಆ್ಯಪಿಗೂ ವಿನಾಯಿತಿ ಕೊಟ್ಟರೆ ಮಾತ್ರ ಕೆರೆ ಬರಿದಾದೀತು.

2. ಸಿಗ್ನಲ್ ಸಿಗದ ಕಡೆ ಫೋನು ಟವರನ್ನು ಹುಡುಕುತ್ತಲೇ ಚಾರ್ಜು ಕಳೆಯುತ್ತದೆ. ಕರೆ ಬರುವ ಅಗತ್ಯವಿಲ್ಲದಿದ್ದರೆ ಅಂಥಲ್ಲಿ ಫ್ಲೈಟ್ ಮೋಡ್ ಹಾಕಿ.

3. ಪರದೆಯ ಬೆಳಕು ತಗ್ಗಿಸಿ; 120ರ ಸೌಲಭ್ಯವಿದ್ದರೆ 60ಕ್ಕೆ ಇಳಿಸಿ. ಕಪ್ಪು ಹಿನ್ನೆಲೆಯಿಂದ ಉಳಿತಾಯವಾಗುವುದು ಓಎಲ್ಇಡಿ ಪರದೆಯಲ್ಲಿ. ಎಲ್‌ಸಿಡಿಯಲ್ಲಿ ಹೇಳಿಕೊಳ್ಳುವ ಲಾಭವಿಲ್ಲ.

4. ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಅನಿಮೇಶನ್ ತೆಗೆದುಹಾಕಿದರೆ ಹಳೆಯ ಫೋನು ಚುರುಕಾದಂತೆ ಕಾಣುತ್ತದೆ. ಪ್ರೊಸೆಸರಿನ ಶಕ್ತಿ ಹೆಚ್ಚುವುದಿಲ್ಲ, ಕಾಯುವುದಷ್ಟೇ ತಪ್ಪುತ್ತದೆ.

5. ಆ್ಯಪ್‌ಗಳನ್ನು ಪದೇ ಪದೇ ಒರೆಸಿ ತೆಗೆಯಬೇಡಿ. ಮತ್ತೆ ಮೊದಲಿಂದ ತೆರೆಯಲು ಹೆಚ್ಚು ವಿದ್ಯುತ್ತು ಬೇಕಾದೀತು.

6. ಅಡಿಕೆ ಒಣಗಿಸುವ ಅಂಗಳದ ಬಿಸಿಲಿನಲ್ಲಿ ಫೋನು ಇಡಬೇಡಿ. ಕಾದ ಫೋನು ತಾನೇ ವೇಗ ತಗ್ಗಿಸುತ್ತದೆ. ಲಿಥಿಯಂ ಬ್ಯಾಟರಿಯ ಆಯುಷ್ಯವೂ ಸವೆಯುತ್ತದೆ.

ಹೊಸ ಫೋನಿಗೆ ಸಾವಿರಾರು ರೂಪಾಯಿ ತೆರುವ ಮುನ್ನ ಸದಸ್ಯರು ಇವನ್ನು ಮಾಡಿ ನೋಡಲಿ. ಬಾಳಿಕೆ ಕುಂದಿದ್ದರೆ ಬ್ಯಾಟರಿ ಬದಲಿಸುವ ಖರ್ಚನ್ನೂ ವಿಚಾರಿಸಲಿ. ಉಳಿದ ಹಣ ತೋಟದ ಗೊಬ್ಬರಕ್ಕಾದೀತು.