ಬಾಗಿಲುವಾಡದ ಬಣ್ಣ ಏಕೆ ನಿಲ್ಲದು?

ಪ್ರಶ್ನೆ: ಪಿರಿಯಾಪಟ್ಟಣದ ನಮ್ಮ ಹಳೇ ಮನೆಯ ತೇಗದ ಬಾಗಿಲುವಾಡಕ್ಕೆ ಬಣ್ಣ ಹೊಡೆಸಿದರೆ ಬೇಗ ಚಕ್ಕೆ ಏಳುತ್ತದೆ. ಏಕೆ?

ಉತ್ತರ: ತೇಗದಲ್ಲಿ ಸಹಜವಾಗಿಯೇ ಎಣ್ಣೆಯಂಶವಿದೆ, ಅದು ಬಣ್ಣವನ್ನು ಗಟ್ಟಿಯಾಗಿ ಹಿಡಿಯಗೊಡದು. ಜೊತೆಗೆ ಮರ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬಿರುಸಾದ ಹಳೇ ಪದರ ಬಿರಿಯುತ್ತದೆ. ಅದರ ಮೇಲೆಯೇ ಹೊಸದು ಬಳಿದರೆ ಎರಡೂ ಒಟ್ಟಿಗೆ ಕಳಚುತ್ತವೆ.

ಬಿಸಿಲುಗಾಲದಲ್ಲಿ ಕೆಲಸ ಹಿಡಿಯಿರಿ. ಹಳೇ ಬಣ್ಣ ಕೆರೆದು, ಮರದ ಎಳೆಯ ಉದ್ದಕ್ಕೆ ಸ್ಯಾಂಡ್‌ಪೇಪರ್ ಉಜ್ಜಿ, ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ. ಆಮೇಲೆ ವುಡ್ ಪ್ರೈಮರ್, ಸಂದಿಗಳಿಗೆ ಪುಟ್ಟಿ, ಕೊನೆಗೆ ತೆಳುವಾಗಿ ಎರಡು ಕೋಟ್ ಎನಾಮೆಲ್. ಪ್ರತಿ ಪದರವೂ ಪೂರ್ತಿ ಒಣಗಬೇಕು.

ಒಂದು ಎಚ್ಚರಿಕೆ: ಮನೆಬಣ್ಣದ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒದ್ದೆ ಮಾಡಿಯೇ ಕೆರೆಯಿರಿ, ಮಕ್ಕಳನ್ನು ದೂರವಿಡಿ.