ಯಾರ ಮೈಬಣ್ಣ?

ಉಗುರಿಗೆ ಬಣ್ಣ ಹಚ್ಚುವುದೂ ಬರೆಯುವಂಥ ವಿಷಯವೇ ಎಂದು ವಾಚಕರಲ್ಲಿ ಕೆಲವರು, ಅದರಲ್ಲೂ ಪುರುಷ ವಾಚಕರು, ಮೂಗು ಮುರಿಯಬಹುದು. ಅವರು ಈ ಪುಟ ಮಗುಚಿ ಮುಂದೆ ಹೋಗಲು ನಮ್ಮ ಅಡ್ಡಿಯಿಲ್ಲ. ಆದರೆ ಸರಕಾರಿ ಕಚೇರಿಯ ಕಿಟಕಿಯ ಹಿಂದೆ ಕುಳಿತು ದಿನವಿಡೀ ಅರ್ಜಿ ತೆಗೆದುಕೊಳ್ಳುವ ನಮ್ಮಂಥವರ ಮುಖ ನೋಡುವವರು ಕಡಿಮೆ; ಸಾಲಿನಲ್ಲಿ ನಿಂತವರ ಕಣ್ಣೆಲ್ಲ ನಮ್ಮ ಕೈಯ ಮೇಲೆ, ಠಸ್ಸೆ ಯಾವಾಗ ಬಿದ್ದೀತು ಎಂದು. ಹೀಗಿರುವಾಗ ಕೈ ತುಸು ಅಚ್ಚುಕಟ್ಟಾಗಿರಲಿ ಎಂಬ ಆಸೆ ತಪ್ಪೆ?

ಆಸೆಯೇನೋ ಇತ್ತು. ಆದರೆ ಕೆಂಪು, ಗಾಢ ಗುಲಾಬಿ ನಮಗೆ ಒಗ್ಗವು. ಪಾತ್ರೆ ತಿಕ್ಕಿ, ಫೈಲು ಕಟ್ಟಿ, ಲೋಕಲ್ ಗಾಡಿಯ ಕಂಬಿ ಹಿಡಿದು ಜೋತಾಡುವ ಕೈಯಲ್ಲಿ ಎರಡನೆಯ ದಿನವೇ ತುದಿ ಚಕ್ಕೆ ಏಳುತ್ತದೆ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ವಾರ ಕಳೆಯುವುದರೊಳಗೆ ಬುಡದಲ್ಲಿ ಬೋಳು ಗೆರೆಯೊಂದು ಇಣುಕುತ್ತದೆ. ಇನ್ನೊಂದು ಕಾರಣ ಹಳೆಯದು. ನಾವು ಹತ್ತು ವರ್ಷದವರಿದ್ದಾಗ, ನಾಗರ ಪಂಚಮಿಯ ಹಿಂದಿನ ರಾತ್ರಿ, ಮನೆಯ ಮಕ್ಕಳಿಗೆಲ್ಲ ಗೋರಂಟಿ ಹಚ್ಚುತ್ತಿದ್ದಾಗ ಸೋದರತ್ತೆಯೊಬ್ಬರು, “ಈ ಕರಿ ಕೈಗೆ ಯಾಕ ಹಚ್ತೀರಿ, ಎದ್ದು ಕಾಣೂದಿಲ್ಲ,” ಎಂದುಬಿಟ್ಟರು. ಕೇಡು ಬಗೆದು ಆಡಿದ ಮಾತಲ್ಲ. ಅರೆದ ಗೋರಂಟಿ ಎಲ್ಲರಿಗೂ ಸಾಲಬೇಕಾಗಿತ್ತು. ಆದರೂ ಅಂದಿನಿಂದ ನಾಲ್ಕು ಜನರ ನಡುವೆ ಕೈಯನ್ನು ಸೆರಗಿನ ಮರೆಯಲ್ಲಿಡುವ ಚಾಳಿ ನಮಗೆ ಅಂಟಿತು.

ಮೈಬಣ್ಣಕ್ಕೆ ಹೊಂದುವ ತೆಳುಬಣ್ಣ ಹಚ್ಚಿದರೆ ಈ ತಾಪತ್ರಯಗಳೆಲ್ಲ ತಪ್ಪುತ್ತವೆಂದು ಗೆಳತಿಯೊಬ್ಬಳು ಹೇಳಿದ್ದು 2019ರಲ್ಲಿ. ಡೊಂಬಿವಲಿಯಿಂದ ಠಾಣೆಗೆ ಹೋಗುವ ಫಾಸ್ಟ್ ಲೋಕಲ್‌ಗಳು ಆಗಿನ್ನೂ ಪಾರಸಿಕ್ ಸುರಂಗದ ಮೂಲಕ ಓಡುತ್ತಿದ್ದವು. ಹೆಂಗಸರ ಡಬ್ಬಿಯಲ್ಲಿ ಪಿನ್ನು, ಕ್ಲಿಪ್ಪು, ಟಿಕಲಿ ಮಾರುವಾಕೆಯ ಹತ್ತಿರ ‘ಸ್ಕಿನ್ ಕಲರ್’ ಎಂಬ ಸೀಸೆ ಸಿಕ್ಕಿತು. ಗಾಡಿ ಸುರಂಗದೊಳಗೆ ಹೊಕ್ಕಾಗ ಕಿರುಬೆರಳಿಗೆ ಹಚ್ಚಿ ನೋಡಿದೆವು. ಡಬ್ಬಿಯ ದೀಪದ ಬೆಳಕಿನಲ್ಲಿ ಒಪ್ಪಿತು, ದುಡ್ಡು ಕೊಟ್ಟೆವು. ಗಾಡಿ ಸುರಂಗ ದಾಟಿ ಕಳವಾದ ಬಿಸಿಲಿಗೆ ಬಂದಾಗ ನೋಡುತ್ತೇವೆ: ಸುಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದಂಥ ಬೆರಳು! ಆ ಸೀಸೆ ಕಪಾಟಿನಲ್ಲೇ ಒಣಗಿ ಗಟ್ಟಿಯಾಯಿತು.

ಹಾಗೆಂದು ನಾವು ಸುಮ್ಮನಾಗಿಬಿಡುತ್ತಿದ್ದೆವು. ಕಲ್ಯಾಣದಲ್ಲಿರುವ ಅಣ್ಣನ ಮಗಳು ರಜೆಗೆ ಬಂದವಳು ಬಿಡಲಿಲ್ಲ. ಹನ್ನೆರಡರ ಪೋರಿ, ಬಣ್ಣದಲ್ಲಿ ನಮ್ಮದೇ ಪಡಿಯಚ್ಚು. ಕಪಾಟು ಕೆದಕಿ ಆ ಸೀಸೆ ತೆಗೆದು, ಚೀಟಿ ಓದಿ ಕೇಳಿದಳು: “ಅತ್ತೆ, ಇದರ ಮೇಲೆ ಸ್ಕಿನ್ ಅಂತಿದೆ. ಯಾರ ಸ್ಕಿನ್ನು?”

ಉತ್ತರ ಹೊಳೆಯಲಿಲ್ಲ. ನಾವು ಶಾಲೆಯಲ್ಲಿದ್ದಾಗ ಚಿತ್ರಕ್ಕೆ ಬಣ್ಣ ತುಂಬುವ ಪೆಟ್ಟಿಗೆಯಲ್ಲೂ ತಿಳಿಗುಲಾಬಿ ಕಡ್ಡಿಯೊಂದನ್ನು ‘ಸ್ಕಿನ್ ಕಲರ್’ ಎಂದೇ ಕರೆಯುತ್ತಿದ್ದೆವು. ತರಗತಿಯ ನಲವತ್ತು ಮಕ್ಕಳಲ್ಲಿ ಒಬ್ಬರ ಮೈಯೂ ಆ ಬಣ್ಣದ್ದಲ್ಲ. ಅಮೆರಿಕದ ಕ್ರಯೋಲಾ ಕಂಪನಿ ತನ್ನ ‘ಫ್ಲೆಶ್’ ಎಂಬ ಕಡ್ಡಿಯ ಹೆಸರನ್ನು ‘ಪೀಚ್’ ಎಂದು ಬದಲಿಸಿದ್ದು 1962ರಲ್ಲಿ. ನಮ್ಮ ದೇಶದಲ್ಲಿ ‘ಫೇರ್ ಅಂಡ್ ಲವ್ಲಿ’ಯ ‘ಫೇರ್’ ಬಿದ್ದು ‘ಗ್ಲೋ’ ಬಂದದ್ದು 2020ರಲ್ಲಿ. ಹೆಸರು ಬದಲಾದ ಮಾತ್ರಕ್ಕೆ ಸೋದರತ್ತೆಯರು ಬದಲಾಗುತ್ತಾರೆಯೇ ಎಂಬುದು ಬೇರೆ ಮಾತು.

ಮರುದಿನ ಇಬ್ಬರೂ ಡೊಂಬಿವಲಿ ಸ್ಟೇಷನ್ನಿನ ಬಳಿಯ ಅಂಗಡಿಗೆ ಹೊರಟೆವು. ಈ ಸಲ ಒಂದಿಷ್ಟು ಓದಿಕೊಂಡೇ ಹೋದೆವು. ಉಗುರುಬಣ್ಣವೆಂಬುದು ಹತ್ತಿಯ ನಾರನ್ನು ಆಮ್ಲಗಳಲ್ಲಿ ಸಂಸ್ಕರಿಸಿ ಪಡೆದ ನೈಟ್ರೋಸೆಲ್ಯುಲೋಸನ್ನು ಬೇಗ ಆರಿಹೋಗುವ ದ್ರಾವಕದಲ್ಲಿ ಕರಗಿಸಿದ ಮೆರುಗೆಣ್ಣೆ. 1920ರ ದಶಕದಲ್ಲಿ ಮೋಟಾರುಗಳಿಗೆ ಬಳಿಯುತ್ತಿದ್ದ ಮೆರುಗಿನ ನೆಂಟ. ದ್ರಾವಕ ಆವಿಯಾಗಿ ಹೋದರೆ ಪೊರೆ ಉಳಿಯುತ್ತದೆ. ಮುನ್ನೂರು ರೂಪಾಯಿಯ ಸೀಸೆಯೂ ಅರವತ್ತರ ಸೀಸೆಯೂ ಸಾಮಾನ್ಯವಾಗಿ ಒಣಗುವ ರೀತಿ ಇದೊಂದೇ. ಗಟ್ಟಿಬಣ್ಣದಲ್ಲಿ ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿಪುಡಿ ಮೊದಲಾದ ಬಣ್ಣದ ಕಣಗಳು ಹೇರಳವಾಗಿದ್ದು ಕೆಳಗಿನ ಉಗುರನ್ನು ಪೂರಾ ಮುಚ್ಚುತ್ತವೆ. ಕಂದು ಬೆರಳಿನ ಮೇಲೆ ಸುಣ್ಣದಂತೆ ಕಾಣುವುದು ಆ ಬಿಳಿಪುಡಿಯೇ. ತೆಳುಬಣ್ಣದಲ್ಲಿ ಕಣಗಳು ಕಡಿಮೆ. ಬೆಳಕು ಪೊರೆಯನ್ನು ತೂರಿ ಹೋಗಿ, ಉಗುರಿನಡಿಯ ನೆತ್ತರಿನ ನಸುಗೆಂಪನ್ನೂ ಹೊತ್ತು ಹೊರಬರುತ್ತದೆ. ಅರ್ಧ ಬಣ್ಣ ಸೀಸೆಯದು, ಅರ್ಧ ನಮ್ಮದು. ಆದ್ದರಿಂದಲೇ ಹೊಂದಿಕೆ ಒಂದು ಕೂದಲೆಳೆ ತಪ್ಪಿದರೂ ಕಣ್ಣಿಗೆ ಚುಚ್ಚುವುದಿಲ್ಲ.

ಅಂಗಡಿಯಾತ ಅಭ್ಯಾಸಬಲದಿಂದ ಮೊದಲು ತಿಳಿಗುಲಾಬಿಯನ್ನೇ ಮುಂದಿಟ್ಟ. “ತಾಈ, ಇದು ಹಚ್ಚಿದರೆ ಕೈ ಬೆಳ್ಳಗೆ ಕಾಣುತ್ತದೆ,” ಎಂದ. ಬೆಳ್ಳಗೆ ಕಾಣುವುದು ಬೇಡ, ಕೈಯಂತೆ ಕಾಣಲಿ ಎಂದೆವು. ಆತ ಒಂದು ಗಳಿಗೆ ನಮ್ಮ ಮೋರೆ ನೋಡಿ, ಕೆಳಗಿನ ಖಾನೆಯಿಂದ ಧೂಳು ಹಿಡಿದ ಮೂರು ಸೀಸೆ ತೆಗೆದ. ಒಂದು ಜೋನಿಬೆಲ್ಲದ ಬಣ್ಣ, ಒಂದು ಹಾಲು ಕಡಿಮೆ ಹಾಕಿದ ಚಹಾದ್ದು, ಇನ್ನೊಂದು ಇಟ್ಟಿಗೆಯದು. ಮೂರನ್ನೂ ಅಂಗಡಿಯ ಹೊರಗೆ ಬಿಸಿಲಿಗೆ ಒಯ್ದು, ಉಗುರಿಗಲ್ಲ, ಉಗುರಿನ ಕೆಳಗಿನ ಗೆಣ್ಣಿಗೆ ಹಿಡಿದು ನೋಡಿದೆವು. ತೆಳುಬಣ್ಣ ಸೀಸೆಯಲ್ಲಿ ಕಾಣುವುದಕ್ಕಿಂತ ಉಗುರಿನ ಮೇಲೆ ತಿಳಿಯಾಗುವುದರಿಂದ ಚರ್ಮಕ್ಕಿಂತ ಒಂದು ಛಾಯೆ ಗಾಢವಾದುದನ್ನೇ ಆರಿಸಬೇಕು. ಚಹಾ ಗೆದ್ದಿತು. ಬೆಲೆ ಅರವತ್ತು ರೂಪಾಯಿ. ಅಗ್ಗದ ಸೀಸೆಯಾದರೂ ತಯಾರಕರ ಹೆಸರು ವಿಳಾಸ, ಬ್ಯಾಚ್ ನಂಬರು, ಬಳಸಬೇಕಾದ ಅವಧಿ ಇವನ್ನು ಓದಿಯೇ ಕೊಂಡೆವು. ಇವಿಲ್ಲದ ಸೀಸೆ ಪುಕ್ಕಟೆ ಕೊಟ್ಟರೂ ಬೇಡ.

ಹಚ್ಚುವುದರಲ್ಲಿ ಗುಟ್ಟೇನೂ ಇಲ್ಲ. ಉಗುರಿನ ಎಣ್ಣೆಪಸೆ ಒರೆಸಿ, ನಡುವೆ ಒಂದು, ಅಕ್ಕಪಕ್ಕ ಒಂದೊಂದು ಎಳೆತ; ಆರಿದ ಮೇಲೆ ಎರಡನೆಯ ಲೇಪ. ಒಂದೇ ಸಲಕ್ಕೆ ದಪ್ಪಗೆ ಬಳಿಯುವ ಅವಸರದವರಿಗೆ ಗುಳ್ಳೆ ಕಟ್ಟಿಟ್ಟದ್ದು. ಒಲೆಯ ಹತ್ತಿರ ಕುಳಿತು ಹಚ್ಚಬಾರದು, ದ್ರಾವಕಕ್ಕೆ ಬೆಂಕಿ ಬೇಗ ಹತ್ತುತ್ತದೆ. ಅರಿಶಿನದ ಕೈಕೆಲಸ ಮಾತ್ರ ಈ ಬಣ್ಣದ ವೈರಿ. ಹುಳಿಗೆ ಬೇಳೆ ಕಿವುಚಿದ ದಿನ ಅಂಚು ಹಳದಿಯಾಯಿತು. ಆಸ್ಪತ್ರೆಗೆ ಹೋಗುವಾಗಲೂ ಬಣ್ಣ ತೆಗೆದು ಹೋಗುವುದು ಲೇಸು. ಶಸ್ತ್ರಕ್ರಿಯೆಗೆ ಮುಂಚೆ ತೆಗೆಸುತ್ತಾರೆ, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಯಂತ್ರವೂ ಬಣ್ಣದಿಂದ ತಪ್ಪು ಹೇಳಬಹುದು. ಇನ್ನು ಮತ ಹಾಕುವ ದಿನ: 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆ ಒದಗಿಸುತ್ತಿರುವ ಶಾಯಿಯನ್ನು ನಮ್ಮ ಚಹಾಬಣ್ಣದ ಮೇಲೆ ಹಾಕಿಸಿಕೊಂಡರೆ ಉಗುರಿನ ಮೇಲಿನ ಗುರುತು ಪೊರೆಯ ಜೊತೆಗೇ ಎದ್ದು ಹೋದೀತು. ಎಡಗೈ ತೋರುಬೆರಳನ್ನು ಅಂದು ಬರಿದಾಗಿಯೇ ಇಡಿ.

ಇದನ್ನು ಬರೆಯುವಾಗ ಹಚ್ಚಿ ಒಂಬತ್ತು ದಿನವಾಗಿದೆ. ಎರಡು ಕಡೆ ಚಕ್ಕೆ ಎದ್ದಿದೆ, ಬಲ್ಲವರಿಗಲ್ಲದೆ ಕಾಣದು. ಕಚೇರಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅರ್ಜಿ ತೆಗೆದುಕೊಳ್ಳುವಾಗ ಕೈ ತಾನಾಗಿ ಮೇಜಿನ ಅಂಚಿನವರೆಗೆ ಚಾಚಿರುವುದನ್ನು ಮೊನ್ನೆ ನಾವೇ ಗಮನಿಸಿದೆವು.

ಅಣ್ಣನ ಮಗಳು ರಜೆ ಮುಗಿಸಿ ಕಲ್ಯಾಣಕ್ಕೆ ಹೊರಡುವಾಗ ಸೀಸೆಯಲ್ಲಿ ಅರ್ಧ ಬೇಕೆಂದಳು. ಖಾಲಿ ಸೀಸೆಯೊಂದಕ್ಕೆ ಸುರಿದು ಕೊಟ್ಟೆವು. ನಮ್ಮ ಪಾಲಿನ ಸೀಸೆಯ ಚೀಟಿಯ ಮೇಲಿದ್ದ ಇಂಗ್ಲಿಷ್ ಹೆಸರನ್ನು ಅವಳು ಬಾಲ್ ಪೆನ್ನಿನಿಂದ ಹೊಡೆದು ಹಾಕಿ, ಭಾನುವಾರದ ತರಗತಿಯಲ್ಲಿ ಕಲಿತ ಕನ್ನಡದಲ್ಲಿ ‘ಅತೆ ಬಣ್ಣ’ ಎಂದು ಬರೆದಿಟ್ಟು ಹೋಗಿದ್ದಾಳೆ. ತಕಾರಕ್ಕೆ ಒತ್ತು ಬಿಟ್ಟಿದ್ದಾಳೆ. ನಾವು ತಿದ್ದಲಿಲ್ಲ.